ಅಪರಿಚಿತ ಅತಿಥಿ

ಸ್ವಾಮಿ ವಿವೇಕಾನಂದರ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಆದರೆ ಆ ಹೆಸರು ಯಾರಿಗೂ ತಿಳಿಯದಿದ್ದ ಕಾಲವೊಂದಿತ್ತು. ಆಗ ಅವರು ಊರಿಂದ ಊರಿಗೆ ಅಲೆಯುತ್ತಿದ್ದ ಬಡ ಪರಿವ್ರಾಜಕರು. ಅವರನ್ನು ಕಂಡವರಲ್ಲಿ ಕೆಲವರು ಸಂಶಯಪಟ್ಟರು, ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಮಾತ್ರ ಬಾಗಿಲು ತೆರೆದು ಒಳಗೆ ಕರೆದರು.

ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಕಲ್ಕತ್ತೆಯಲ್ಲಿ. ಅವರ ಪೂರ್ವಾಶ್ರಮದ ಹೆಸರು ನರೇಂದ್ರನಾಥ ದತ್ತ. ತಂದೆ ವಿಶ್ವನಾಥ ದತ್ತರು ಹೆಸರುವಾಸಿಯಾದ ವಕೀಲರು. ತಾಯಿ ಭುವನೇಶ್ವರೀ ದೇವಿ. ಸಂಗೀತ, ವ್ಯಾಯಾಮ, ತತ್ತ್ವಶಾಸ್ತ್ರಗಳಲ್ಲಿ ನರೇಂದ್ರನಿಗೆ ಸಮಾನವಾದ ಆಸಕ್ತಿ. 1884ರಲ್ಲಿ ತಂದೆ ತೀರಿಕೊಂಡಾಗ ಸಿರಿವಂತ ಮನೆತನ ಬಡತನಕ್ಕೆ ಇಳಿಯಿತು. ದಕ್ಷಿಣೇಶ್ವರದ ಶ್ರೀ ರಾಮಕೃಷ್ಣ ಪರಮಹಂಸರು ಈ ತರುಣನ ಬಾಳಿಗೆ ಹೊಸ ದಾರಿಯನ್ನು ತೋರಿದರು. 1886ರಲ್ಲಿ ಗುರುಗಳು ದೇಹತ್ಯಾಗ ಮಾಡಿದ ಬಳಿಕ ಶಿಷ್ಯನು ಸಂನ್ಯಾಸವನ್ನು ಸ್ವೀಕರಿಸಿ, 1890ರಲ್ಲಿ ಭಾರತ ಸಂಚಾರಕ್ಕೆ ಹೊರಟನು.

1892ರ ಅಕ್ಟೋಬರ್ ತಿಂಗಳಲ್ಲಿ ಈ ಸಂಚಾರ ಅವರನ್ನು ಕೊಲ್ಲಾಪುರದಿಂದ ಬೆಳಗಾವಿಗೆ ತಂದಿತು. ಒಂದು ಮುಂಜಾನೆ ಅವರು ವಕೀಲರಾದ ಭಾಟೆಯವರ ಮನೆಯ ಮುಂದೆ ನಿಂತರು. ಕೊಲ್ಲಾಪುರದ ಗೋಳ್ವಲ್ಕರ್ ಎಂಬವರು ಬರೆದುಕೊಟ್ಟ ಪರಿಚಯದ ಚೀಟಿಯೊಂದು ಅವರ ಕೈಯಲ್ಲಿತ್ತು. ಭಾಟೆಯವರು ಅತಿಥಿಯನ್ನು ಆದರದಿಂದ ಬರಮಾಡಿಕೊಂಡರು. ಆದರೆ ಈ ಸಂನ್ಯಾಸಿಯ ರೀತಿ ಮನೆಯವರಿಗೆ ಬಿಡಿಸಲಾಗದ ಒಗಟಾಯಿತು. ಕಾವಿಯೇನೋ ಇತ್ತು, ಆದರೆ ಅದರೊಡನೆ ಬನಿಯನ್ನೂ ಇತ್ತು! ದಂಡವಿರಬೇಕಾದ ಕೈಯಲ್ಲಿ ಸಾಮಾನ್ಯವಾದ ಊರುಗೋಲು. ಮಾತುಕತೆಯೋ ನಿರರ್ಗಳವಾದ ಇಂಗ್ಲಿಷಿನಲ್ಲಿ.

ಮೊದಲ ದಿನ ಊಟವಾದ ಮೇಲೆ ಸ್ವಾಮಿಗಳು ಎಲೆಯಡಿಕೆಯನ್ನು ಕೇಳಿದರು. ಮನೆಯವರು ಮುಖ ಮುಖ ನೋಡಿಕೊಂಡರು. ಸ್ವಲ್ಪ ಹೊಗೆಸೊಪ್ಪು ಸಿಕ್ಕೀತೇ ಎಂದು ಅವರು ವಿಚಾರಿಸಿದಾಗ ಎಲ್ಲರೂ ದಂಗಾದರು. ವಿರಕ್ತನಿಗೆ ಇಂಥ ಚಪಲವೇ! ಅವರ ಮನಸ್ಸಿನಲ್ಲಿದ್ದುದನ್ನು ಅತಿಥಿ ಅರಿಯದೆ ಹೋಗಲಿಲ್ಲ. ತಾವು ಹಿಂದೆ ಕಲ್ಕತ್ತೆಯ ಸುಖಪ್ರಿಯ ವಿದ್ಯಾವಂತ ತರುಣನಾಗಿದ್ದುದನ್ನೂ, ಗುರುಕೃಪೆಯಿಂದ ಬಾಳೆಲ್ಲ ಬದಲಾದರೂ ಇಂಥ ಒಂದೆರಡು ಸಣ್ಣ ಅಭ್ಯಾಸಗಳು ಉಳಿದುಕೊಂಡುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಇಲ್ಲದ ಹಿರಿಮೆಯನ್ನು ನಟಿಸುವುದು ಅವರ ಸ್ವಭಾವವಲ್ಲ.

ಭಾಟೆಯವರ ಮಗ ಆಗ ಪಾಣಿನಿಯ ಅಷ್ಟಾಧ್ಯಾಯಿಯನ್ನು ಬಾಯಿಪಾಠ ಮಾಡುತ್ತಿದ್ದನು. ಸೂತ್ರಗಳನ್ನು ಹೇಳುತ್ತ ಅವನು ಅಲ್ಲಲ್ಲಿ ಎಡವಿದನು. ಎಲೆಯಡಿಕೆ ಮೆಲ್ಲುವ ಸ್ವಾಮಿಗಳು ಆ ತಪ್ಪುಗಳನ್ನು ಒಂದೊಂದಾಗಿ ತಿದ್ದಿದರು! ಹುಡುಗನು ಬೆರಗಾದನು. ಬಂದವರು ಸಾಮಾನ್ಯರಲ್ಲವೆಂಬುದು ಮನೆಯವರಿಗೆ ಮನವರಿಕೆಯಾಯಿತು. ಊರಿನ ವಿದ್ಯಾವಂತರು ದಿನವೂ ಅಲ್ಲಿ ನೆರೆಯತೊಡಗಿದರು.

ಆ ಊರಿನಲ್ಲಿ ಹರಿಪದ ಮಿತ್ರ ಎಂಬ ಬಂಗಾಳಿ ಅರಣ್ಯಾಧಿಕಾರಿಯೊಬ್ಬರಿದ್ದರು. ಸಂನ್ಯಾಸಿಗಳೆಲ್ಲ ವಂಚಕರೆಂಬುದು ಅವರ ದೃಢವಾದ ನಂಬಿಕೆ. ಅಕ್ಟೋಬರ್ 18ರ ಸಂಜೆ ಭಾಟೆಯವರು ತಮ್ಮ ಅತಿಥಿಯನ್ನು ಅವರಲ್ಲಿಗೆ ಕರೆದೊಯ್ದರು. ಈತ ಏನನ್ನೋ ಬೇಡಲು ಬಂದಿರಬೇಕು; ಇಲ್ಲವೆ ಮರಾಠಿಯವರ ಮನೆಯ ವಾಸ ಒಗ್ಗದೆ ಬಂಗಾಳಿಯ ಮನೆಯನ್ನು ಹುಡುಕಿಕೊಂಡು ಬಂದಿರಬೇಕು ಎಂದು ಮಿತ್ರರು ಊಹಿಸಿದರು. ಆದರೆ ಸ್ವಲ್ಪ ಹೊತ್ತು ಮಾತನಾಡುವುದರೊಳಗೆ ಅವರ ಮನಸ್ಸು ತಿರುಗಿತು. ತಮ್ಮ ಮನೆಯಲ್ಲಿಯೇ ಉಳಿಯಬೇಕೆಂದು ತಾವೇ ಪ್ರಾರ್ಥಿಸಿದರು. ಬೇಡಲು ಬಂದವನೆಂದು ಭಾವಿಸಿದ್ದ ವ್ಯಕ್ತಿ ಅದನ್ನು ಒಪ್ಪಲಿಲ್ಲ! ಸ್ವಂತ ಪ್ರಾಂತದವನನ್ನು ಕಂಡೊಡನೆ ಬಿಟ್ಟುಹೋದರೆ ಭಾಟೆಯವರಿಗೆ ನೋವಾದೀತು ಎಂಬುದೇ ಅವರು ಕೊಟ್ಟ ಕಾರಣ. ಮರುದಿನ ಬೆಳಗಿನ ಉಪಾಹಾರಕ್ಕೆ ಬರಲು ಮಾತ್ರ ಒಪ್ಪಿದರು.

ಮರುದಿನ ಮಿತ್ರರು ಬಹಳ ಹೊತ್ತು ಕಾದರು. ಅತಿಥಿಯ ಸುಳಿವಿಲ್ಲ. ಕೊನೆಗೆ ತಾವೇ ಭಾಟೆಯವರ ಮನೆಗೆ ಹೋಗಿ ನೋಡಿದರೆ, ವಕೀಲರೂ ಪಂಡಿತರೂ ಸ್ವಾಮಿಗಳ ಸುತ್ತ ಕಿಕ್ಕಿರಿದು ಕುಳಿತಿದ್ದರು. ಪ್ರಶ್ನೆಗಳಿಗೆ ಇಂಗ್ಲಿಷ್, ಹಿಂದಿ, ಸಂಸ್ಕೃತ ಭಾಷೆಗಳಲ್ಲಿ ಉತ್ತರಗಳು ತಡೆಯಿಲ್ಲದೆ ಹರಿಯುತ್ತಿದ್ದವು. ಬಳಿಕ ಸ್ವಾಮಿಗಳು ಕೆಲವು ದಿನ ಮಿತ್ರರ ಮನೆಯಲ್ಲಿ ಉಳಿದರು. ಒಮ್ಮೆ ಅವರು ಮಾತಿನ ನಡುವೆ ಡಿಕನ್ಸನ ಹಾಸ್ಯ ಕಾದಂಬರಿ ‘ಪಿಕ್‌ವಿಕ್ ಪೇಪರ್ಸ್’ನಿಂದ ಎರಡು ಮೂರು ಪುಟಗಳನ್ನು ನೋಡದೆಯೇ ಹೇಳಿದರು. ಸಂನ್ಯಾಸಿಗೂ ಪಿಕ್‌ವಿಕ್ಕನಿಗೂ ಎತ್ತಣ ಸಂಬಂಧವೆಂದು ಮಿತ್ರರು ಅಚ್ಚರಿಪಟ್ಟರು. ಆ ಪುಸ್ತಕವನ್ನು ಅವರು ಓದಿದ್ದುದು ಎರಡೇ ಬಾರಿ. ಸಂನ್ಯಾಸಿಗಳನ್ನು ನಂಬದಿದ್ದ ಮಿತ್ರರೂ ಅವರ ಪತ್ನಿ ಇಂದುಮತಿಯವರೂ ಆ ಅತಿಥಿಯಿಂದಲೇ ಮಂತ್ರದೀಕ್ಷೆಯನ್ನು ಪಡೆದರು. ತಮ್ಮ ಮೊದಲ ಸಂಶಯವನ್ನು ಮಿತ್ರರು ಮರೆಮಾಚಲಿಲ್ಲ. ಮುಂದೆ ಅದನ್ನು ತಾವೇ ಬರೆದಿಟ್ಟರು.

ಬೆಳಗಾವಿಯಿಂದ ಗೋವೆಗೆ ಹೋದ ಸ್ವಾಮಿಗಳು ಅಲ್ಲಿಂದ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಶೇಷಾದ್ರಿ ಅಯ್ಯರ್ ಅವರೂ ಮಹಾರಾಜ ಚಾಮರಾಜೇಂದ್ರ ಒಡೆಯರೂ ಅವರನ್ನು ಗೌರವಿಸಿದರು. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರಕ್ಕೆ ಮುಂದೆ ಹೆಸರಾದುದು ಈ ಮಹಾರಾಜರ ಪತ್ನಿಯ ಹೆಸರೇ. ಬೀಳ್ಕೊಡುವಾಗ ದಿವಾನರು ನೀಡಬಂದ ಹಣವನ್ನು ಸ್ವಾಮಿಗಳು ಮುಟ್ಟಲಿಲ್ಲ. ರೈಲಿನ ಟಿಕೆಟ್ಟೊಂದನ್ನು ಮಾತ್ರ ಸ್ವೀಕರಿಸಿದರು.

ಮರುವರ್ಷ ಅವರು ಸರ್ವಧರ್ಮ ಸಮ್ಮೇಳನಕ್ಕಾಗಿ ಅಮೆರಿಕೆಯ ಚಿಕಾಗೊ ನಗರವನ್ನು ಸೇರಿದರು. ಆದರೆ ಹೋಗಬೇಕಾದ ವಿಳಾಸದ ಕಾಗದ ಕಳೆದುಹೋಗಿತ್ತು. ರೈಲು ನಿಲ್ದಾಣದ ಅಂಗಳದಲ್ಲಿ ಬರಿದಾಗಿ ನಿಂತಿದ್ದ ಸರಕು ಡಬ್ಬಿಯೊಂದರಲ್ಲಿ ರಾತ್ರಿಯನ್ನು ಕಳೆದರು. ಬೆಳಗಾದ ಮೇಲೆ ಹಸಿವಿನಿಂದ ಬಳಲುತ್ತ ಮನೆಮನೆಯ ಬಾಗಿಲನ್ನು ತಟ್ಟಿದರು. ಮಾಸಿದ ಬಟ್ಟೆಯನ್ನು ಕಂಡವರು ಅವರನ್ನು ಗದರಿಸಿ ಬಾಗಿಲು ಹಾಕಿಕೊಂಡರು. ದಣಿದು ಬೀದಿಯ ಬದಿಯಲ್ಲಿ ಕುಳಿತಾಗ ಎದುರು ಮನೆಯ ಬಾಗಿಲು ತೆರೆಯಿತು. ಹೊರಗೆ ಬಂದ ಶ್ರೀಮತಿ ಹೇಲ್ ಎಂಬ ಗೃಹಿಣಿ, ಅವರು ಸಮ್ಮೇಳನದ ಪ್ರತಿನಿಧಿಯೇ ಎಂದು ವಿನಯದಿಂದ ವಿಚಾರಿಸಿದಳು. ಒಳಗೆ ಕರೆದು ಉಪಚರಿಸಿ, ಸಮ್ಮೇಳನದ ಕಚೇರಿಗೆ ತಾನೇ ಕರೆದೊಯ್ದಳು. ಸ್ವಲ್ಪ ಕಾಲದ ಹಿಂದೆಯಷ್ಟೇ ಹತ್ತಾರು ಮನೆಗಳು ಹೊರಗಟ್ಟಿದ್ದ ಆ ಮನುಷ್ಯ 1893ರ ಸೆಪ್ಟೆಂಬರ್ 11ರಂದು ಮಾತನಾಡಿದಾಗ ಸಾವಿರಾರು ಜನ ಎದ್ದುನಿಂತು ಕರತಾಡನ ಮಾಡಿದರು. ಆ ತಾಯಿಯ ಉಪಕಾರವನ್ನು ಸ್ವಾಮಿಗಳು ಎಂದೂ ಮರೆಯಲಿಲ್ಲ. ಅವಳನ್ನು ತಾಯಿಯೆಂದೇ ಕರೆದರು.

ಸ್ವದೇಶಕ್ಕೆ ಮರಳಿದ ವಿವೇಕಾನಂದರು 1897ರಲ್ಲಿ ರಾಮಕೃಷ್ಣ ಮಿಷನ್ನನ್ನು ಸ್ಥಾಪಿಸಿ, ದೀನದಲಿತರ ಸೇವೆಯೇ ದೇವರ ಪೂಜೆಯೆಂದು ಸಾರಿದರು. 1902ರ ಜುಲೈ 4ರಂದು, ನಲವತ್ತು ತುಂಬುವ ಮೊದಲೇ, ಬೇಲೂರು ಮಠದಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ಭಾಟೆಯವರಾಗಲಿ, ಮಿತ್ರರಾಗಲಿ, ಆ ಅಮೆರಿಕದ ಗೃಹಿಣಿಯಾಗಲಿ ಒಬ್ಬ ಜಗದ್ವಿಖ್ಯಾತ ಪುರುಷನನ್ನು ಸತ್ಕರಿಸಲಿಲ್ಲ. ಅವರು ಸತ್ಕರಿಸಿದುದು ಹೆಸರಿಲ್ಲದ ದಾರಿಹೋಕನೊಬ್ಬನನ್ನು. ಮೊದಲ ನೋಟಕ್ಕೆ ತಪ್ಪು ತಿಳಿಯುವುದು ಮನುಷ್ಯಸಹಜ. ಆ ತಪ್ಪು ತಿದ್ದಿಹೋಗುವಷ್ಟು ಹೊತ್ತು ಬಾಗಿಲನ್ನು ತೆರೆದಿಡುವುದೇ ಸೌಜನ್ಯ.