ಪಾದ್ರಿಯಾಗಿದ್ದುಕೊಂಡೇ ಸಂವಿಧಾನ ಸಭೆಗೆ ಹೋದ ಮಂಗಳೂರಿನ ಫಾದರ್ ಜೆರೋಮ್ ಡಿಸೋಜ

ಹಳಿಯಾಳ: ಎಲೆಕ್ಷನ್ ಬಂತಂದ್ರೆ ಸಾಕು, ಫಾದರ್ ಯಾವ ಪಾರ್ಟಿ ಕಡೆ ಅನ್ನೋ ಪ್ರಶ್ನೆ ಅಂಗಡಿ ಕಟ್ಟೆ ಮೇಲೆ ಏಳುತ್ತದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ಸಿದ್ದಿಗಳೂ ಸೇರಿದಂತೆ ಕ್ಯಾಥೋಲಿಕ್ ಮನೆಗಳು ಸಾಕಷ್ಟಿವೆ. ಆದರೆ ಪಾದ್ರಿಯ ರಾಜಕೀಯ ಅವರೊಬ್ಬರ ಇಷ್ಟಕ್ಕೆ ಬಿಟ್ಟಿದ್ದಲ್ಲ. ಫಾದರ್ ಜೆರೋಮ್ ಡಿಸೋಜ ಅವರ ಬದುಕು ನೋಡಿದರೆ ಇದು ಗೊತ್ತಾಗುತ್ತದೆ.

1897ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಯೇಸುಸಭೆ ಸೇರಿ ಪಾದ್ರಿಯಾದರು. ಮದ್ರಾಸಿನ ಲೊಯೊಲಾ ಕಾಲೇಜಿನ ಪ್ರಾಂಶುಪಾಲರಾದರು. 1946ರಲ್ಲಿ ಕಾಂಗ್ರೆಸ್ ಬೆಂಬಲದಿಂದ ಮದ್ರಾಸ್ ಪ್ರಾಂತ್ಯದ ಪರವಾಗಿ ಸಂವಿಧಾನ ಸಭೆಗೆ ಆಯ್ಕೆಯಾದರು. ಆಗ ಇದ್ದದ್ದು 1917ರ ಚರ್ಚ್ ಕಾನೂನು. ಅದರ ಪ್ರಕಾರ ಶಾಸನಸಭೆಗೆ ಹೋಗೋ ಪಾದ್ರಿಗೆ ಮೇಲಿನವರ ಒಪ್ಪಿಗೆ ಬೇಕೇ ಬೇಕಿತ್ತು.

ಸಭೆಯಲ್ಲಿ ಅವರು ಅಲ್ಪಸಂಖ್ಯಾತರ ಹಕ್ಕುಗಳ ಪರ ಮಾತಾಡಿದರು. ಆದರೆ 1949ರಲ್ಲಿ ಧರ್ಮದ ಆಧಾರದ ಮೀಸಲು ಸೀಟು ಬೇಡ ಅನ್ನೋ ತೀರ್ಮಾನಕ್ಕೂ ಬೆಂಬಲ ಕೊಟ್ಟರು.

ನಮ್ಮ ತಾಲೂಕುಗಳಿಗೆ ಹತ್ತಿರದ ಸಂಗತಿ ಇನ್ನೊಂದಿದೆ. ಆ ಕಾಲಕ್ಕೆ ಇಲ್ಲಿನ ಇಗರ್ಜಿಗಳು ಗೋವಾ ಆರ್ಚ್‌ಬಿಷಪ್ ಕೈಕೆಳಗಿದ್ದವು. ಗೋವಾ ಇನ್ನೂ ಪೋರ್ಚುಗೀಸರದು. ಸ್ವತಂತ್ರ ಭಾರತದೊಳಗಿನ ಕೆಲವು ಬಿಷಪ್‌ಗಳ ನೇಮಕದಲ್ಲೂ ಪೋರ್ಚುಗಲ್ ಸರ್ಕಾರದ ಮಾತು ನಡೀತಿತ್ತು. ಇದನ್ನು ಕೊನೆಗಾಣಿಸಲು ನೆಹರೂ ಸರ್ಕಾರ ಮತ್ತು ವ್ಯಾಟಿಕನ್ ನಡುವೆ ನಡೆದ ಮಾತುಕತೆಗೆ ಫಾದರ್ ಜೆರೋಮ್ ನೆರವಾದರು. 1950ರಲ್ಲಿ ಪೋರ್ಚುಗಲ್ ಆ ಹಕ್ಕು ಬಿಟ್ಟುಕೊಟ್ಟಿತು. 1953ರಲ್ಲಿ ಗೋವಾದಿಂದ ಬೇರ್ಪಡಿಸಿ ಬೆಳಗಾವಿ ಧರ್ಮಪ್ರಾಂತ್ಯ ಮಾಡಲಾಯಿತು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಬಂತು.

ವಿಶ್ವಸಂಸ್ಥೆಯ ಮಹಾಸಭೆಗೆ ಭಾರತದ ನಿಯೋಗದಲ್ಲಿ ಹೋಗಿಬಂದ ಈ ಫಾದರ್‌ಗೆ 1957ರಲ್ಲಿ ರೋಮ್‌ನಿಂದ ಕರೆ ಬಂತು. ಯೇಸುಸಭೆಯ ಮಹಾ ಮುಖ್ಯಸ್ಥರ ಸಹಾಯಕರ ಕೆಲಸ. ವಿಧೇಯತೆಯ ವ್ರತ ತೊಟ್ಟವರು, ಇಲ್ಲಿನ ಸಾರ್ವಜನಿಕ ಜೀವನ ಬಿಟ್ಟು ಹೊರಟೇಬಿಟ್ಟರು. 1977ರಲ್ಲಿ ತೀರಿಕೊಂಡರು.

ಆಮೇಲೆ ಚರ್ಚ್ ಇನ್ನೂ ಬಿಗಿಯಾಯಿತು. 1980ರಲ್ಲಿ ಅಮೆರಿಕದ ಸಂಸತ್ತಿನಲ್ಲಿದ್ದ ಯೇಸುಸಭೆಯ ಪಾದ್ರಿ ರಾಬರ್ಟ್ ಡ್ರೈನನ್ ರೋಮ್‌ನ ಆದೇಶದಂತೆ ಮರುಸ್ಪರ್ಧೆ ಕೈಬಿಟ್ಟರು. 1983ರ ಹೊಸ ಕಾನೂನಿನಲ್ಲಿ ಪಾದ್ರಿಗಳು ಅಧಿಕಾರದ ಹುದ್ದೆ ಹಿಡಿಯುವಂತಿಲ್ಲ. ಚರ್ಚಿನ ಹಕ್ಕು ಅಥವಾ ಜನರ ಒಳಿತಿಗೆ ಅಗತ್ಯ ಅಂತ ಮೇಲಿನವರಿಗೆ ಕಂಡರೆ ಮಾತ್ರ ಪಾರ್ಟಿ ಕೆಲಸಕ್ಕೆ ಇಳಿಯಬಹುದು.

ಸಂವಿಧಾನ ಬರೆಯೋ ಸಭೆಯಲ್ಲಿ ಕೂತಿದ್ದ ಫಾದರ್ ಜೆರೋಮ್, ಇವತ್ತಿನ ಕಾನೂನಿನಲ್ಲಾದರೆ ಶಾಸಕರಾಗೋದೂ ಕಷ್ಟವಿತ್ತು. ಮುಂದಿನ ಎಲೆಕ್ಷನ್‌ನಲ್ಲಿ ಫಾದರ್ ಸುಮ್ಮನಿದ್ದರೆ, ಅದರ ಹಿಂದೆ ಈ ಕಾನೂನೂ ಇದೆ ಅನ್ನೋದು ನೆನಪಿರಲಿ.