ಮುಗಿಯದ ಬೈಕಿನ ಒಡೆಯ ಬರ್ಟ್ ಮನ್ರೋ

‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’ ಎಂಬ ಹೆಸರು ಕೇಳಿದೊಡನೆ ಯಾರೋ ಭಾರತೀಯ ಓಟಗಾರನ ಕಥೆ ಇರಬೇಕೆಂದು ಭಾವಿಸುವುದು ಸಹಜ. 2005ರಲ್ಲಿ ತೆರೆಕಂಡ ಆ ಚಲನಚಿತ್ರದ ‘ಇಂಡಿಯನ್’ ಮನುಷ್ಯನೇ ಅಲ್ಲ. ಅದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ಇಂಡಿಯನ್ ಕಂಪನಿ 1920ರಲ್ಲಿ ತಯಾರಿಸಿದ ಒಂದು ಮೋಟಾರ್ ಸೈಕಲ್. ಅದನ್ನು ಓಡಿಸಿದಾತ ನ್ಯೂಜಿಲೆಂಡಿನ ಒಬ್ಬ ಮುದುಕ. ತೆರೆಯ ಮೇಲೆ ಆತನ ಪಾತ್ರವನ್ನು ಪ್ರಸಿದ್ಧ ನಟ ಆಂಟನಿ ಹಾಪ್ಕಿನ್ಸ್ ವಹಿಸಿದ ಮೇಲೆ ಬರ್ಟ್ ಮನ್ರೋ ಎಂಬ ಹೆಸರು ಜಗತ್ತಿನ ಮನೆಮಾತಾಯಿತು. ಅಷ್ಟು ಹೊತ್ತಿಗೆ ಆತ ತೀರಿಕೊಂಡು 27 ವರ್ಷಗಳಾಗಿದ್ದವು.

ಹರ್ಬರ್ಟ್ ಜೇಮ್ಸ್ ಮನ್ರೋ ಹುಟ್ಟಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣ ತುದಿಯ ಸೌತ್‌ಲೆಂಡ್ ಸೀಮೆಯಲ್ಲಿ. ಜೊತೆಯಲ್ಲಿ ಹುಟ್ಟಿದ ಅವಳಿ ಸಹೋದರಿ ಉಳಿಯಲಿಲ್ಲ. ತಂದೆಯದು ಎಡೆನ್‌ಡೇಲ್ ಎಂಬಲ್ಲಿ ಬೇಸಾಯ. ಹೊಲದ ಕೆಲಸಕ್ಕಿಂತ ಮನೆಯ ಕುದುರೆಗಳಲ್ಲಿ ಅತಿ ವೇಗದ್ದನ್ನು ಏರಿ ಓಡಿಸುವುದರಲ್ಲಿ ಹುಡುಗನಿಗೆ ಹೆಚ್ಚು ಆಸಕ್ತಿ. ತಂದೆಯ ಗದರಿಕೆ ಕೆಲಸಕ್ಕೆ ಬರಲಿಲ್ಲ. ಆತ ತನ್ನ ಹೆಸರಿನ ಕಾಗುಣಿತವನ್ನು ಬೇರೊಂದು ಬಗೆಯಲ್ಲಿ ಬರೆಯುತ್ತಿದ್ದನಂತೆ. 1957ರಲ್ಲಿ ಅಮೆರಿಕದ ಪತ್ರಿಕೆಯೊಂದು ಅದನ್ನು ತಪ್ಪಾಗಿ ಅಚ್ಚು ಹಾಕಿದಾಗ ಆ ತಪ್ಪೇ ಚೆನ್ನಾಗಿದೆಯೆಂದು ಉಳಿಸಿಕೊಂಡ.

1920ರಲ್ಲಿ, 21ರ ಹರೆಯದಲ್ಲಿ, ಮನ್ರೋ ಹೊಚ್ಚ ಹೊಸ ಇಂಡಿಯನ್ ಸ್ಕೌಟ್ ಬೈಕೊಂದನ್ನು ಕೊಂಡ. ಸುಮಾರು 600 ಸಿಸಿ ಸಾಮರ್ಥ್ಯದ, ಎರಡು ಸಿಲಿಂಡರಿನ ಎಂಜಿನ್. ಗೇರು ಬದಲಿಸಲು ಕೈ, ಕ್ಲಚ್ಚಿಗೆ ಕಾಲು. ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ. ಗಂಟೆಗೆ 88 ಕಿಲೋಮೀಟರು ಅದರ ಗರಿಷ್ಠ ವೇಗ. ಅಂದಿನ ರಸ್ತೆಗಳಿಗೆ ಅದು ಬೇಕಾದಷ್ಟಾಯಿತು. ಆದರೆ ಮನ್ರೋನಿಗೆ ಸಾಲಲಿಲ್ಲ. 1926ರಲ್ಲಿ ಎಂಜಿನ್ ಬಿಚ್ಚಿ ಕುಳಿತವನು ಮುಂದೆ ಅರ್ಧ ಶತಮಾನದ ಕಾಲ ಅದನ್ನು ಬಿಚ್ಚುತ್ತ, ಜೋಡಿಸುತ್ತ, ಮತ್ತೆ ಬಿಚ್ಚುತ್ತ ಹೋದ.

ಆತನ ಬಳಿ ಹಣವಿರಲಿಲ್ಲ, ಕಾರ್ಖಾನೆಯ ಬೆಂಬಲವಿರಲಿಲ್ಲ, ಎಂಜಿನಿಯರಿಂಗ್ ಪದವಿಯಂತೂ ಇರಲೇ ಇಲ್ಲ. ಇನ್ವರ್ಕಾರ್ಗಿಲ್ ಪಟ್ಟಣದಲ್ಲಿ ಮೋಟಾರ್ ಸೈಕಲ್ ಮಾರುವವನಾಗಿ, ಮೆಕ್ಯಾನಿಕ್ಕನಾಗಿ ದುಡಿಯುತ್ತಿದ್ದ. ರಾತ್ರಿಯೆಲ್ಲ ಗ್ಯಾರೇಜಿನಲ್ಲಿ ತನ್ನ ಬೈಕಿನೊಂದಿಗೆ ಗುದ್ದಾಡಿ, ಬೆಳಗಾದ ಮೇಲೆ ನೇರವಾಗಿ ಕೆಲಸಕ್ಕೆ ಹೋಗುತ್ತಿದ್ದುದೂ ಉಂಟು.

ಆ ಗ್ಯಾರೇಜಿನಲ್ಲಿ ನಡೆದ ಕೆಲಸವನ್ನು ತುಸು ವಿವರವಾಗಿಯೇ ನೋಡಬೇಕು. ಮೂಲ ಸ್ಕೌಟ್ ಎಂಜಿನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಅಂಥ ರಚನೆಯಲ್ಲಿ ಇಂಧನ ಮಿಶ್ರಣ ಅಡ್ಡದಾರಿ ಹಿಡಿದು ಒಳಬರಬೇಕು. ಶಕ್ತಿಗೆ ಒಂದು ಮಿತಿ ಬೀಳುತ್ತದೆ. ಮನ್ರೋ ವಾಲ್ವುಗಳನ್ನು ಸಿಲಿಂಡರಿನ ತಲೆಯ ಮೇಲಕ್ಕೆ ಒಯ್ದ. ಇದು ಎಂಜಿನಿನ ತಲೆಯನ್ನೇ ಹೊಸದಾಗಿ ಸೃಷ್ಟಿಸಿದಂತೆ. ಹಾಗೆ ಮಾಡಿದೊಡನೆ ಒಳಗಿನ ಒತ್ತಡ ಏರಿತು. ಹಳೆಯ ಪಿಸ್ಟನ್‌ಗಳು ತಾಳಲಿಲ್ಲ. ಹೊಸ ಪಿಸ್ಟನ್‌ಗಳನ್ನು ಹಳೆಯ ಡಬ್ಬಿಗಳನ್ನೇ ಅಚ್ಚು ಮಾಡಿಕೊಂಡು ತಾನೇ ಎರಕ ಹೊಯ್ದ. ಪಿಸ್ಟನ್ ಗಟ್ಟಿಯಾದರೆ ಕನೆಕ್ಟಿಂಗ್ ರಾಡ್ ಮುರಿಯುತ್ತಿತ್ತು. ಅದಕ್ಕಾಗಿ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರಿನ ಅಚ್ಚಿನ ಉಕ್ಕನ್ನು ಸಂಪಾದಿಸಿ, ಕೈಯಿಂದಲೇ ಅರ ಹಾಕಿ ಆಕಾರಕ್ಕೆ ತಂದು, ಕಾಯಿಸಿ ಹದಗೊಳಿಸಿದ. ಸಿಲಿಂಡರು, ಫ್ಲೈವೀಲು, ಕ್ಯಾಮು, ಎಣ್ಣೆ ಹಾಯಿಸುವ ವ್ಯವಸ್ಥೆ, ಕ್ಲಚ್ಚು ಎಲ್ಲವೂ ಅದೇ ಕೈಗಳಿಂದ ಮೂಡಿದವು. ಅಳತೆಗೆ ಬೇಕಾದ ಮೈಕ್ರೋಮೀಟರನ್ನು ಸಹ ಚಕ್ರದ ಹಳೆಯ ಕಡ್ಡಿಯಿಂದ ಮಾಡಿಕೊಂಡಿದ್ದ.

ಹೀಗೆ ಮಾಡಿದ್ದರಲ್ಲಿ ಬಹುಪಾಲು ಒಡೆದುಹೋಗುತ್ತಿತ್ತು. ವಾರಗಟ್ಟಲೆ ಅರ ತಿಕ್ಕಿ ಮಾಡಿದ ರಾಡು ಒಂದೇ ಓಟದಲ್ಲಿ ತುಂಡಾದದ್ದಿದೆ. ಮುರಿದದ್ದನ್ನು ಮನ್ರೋ ಎಸೆಯಲಿಲ್ಲ. ಗೋಡೆಯ ಮೇಲಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ವೇಗದ ದೇವರಿಗೆ ಅರ್ಪಿಸಿದ ಕಾಣಿಕೆಗಳಿವು ಎಂಬರ್ಥದ ಬರಹ ಹಾಕಿದ. ಆಯುಧಪೂಜೆಯಂದು ಸ್ಪ್ಯಾನರಿಗೂ ಲೇತಿಗೂ ಅರಿಸಿನ ಕುಂಕುಮ ಹಚ್ಚುವ ನಮ್ಮ ಮೆಕ್ಯಾನಿಕ್ಕರಿಗೆ ಈ ತಮಾಷೆಯ ಹಿಂದಿನ ಭಕ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1953ರಲ್ಲಿ ಇಂಡಿಯನ್ ಕಂಪನಿ ಬೈಕು ತಯಾರಿಕೆಯನ್ನೇ ನಿಲ್ಲಿಸಿತು. ಜಗತ್ತಿನಾದ್ಯಂತ ಆ ಬೈಕಿನ ಒಡೆಯರು ಅನಾಥರಾದರು. ಈ ಅನಾಥಸ್ಥಿತಿ ಮೈಸೂರು ಸೀಮೆಗೆ ಅಪರಿಚಿತವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನೂ 1973ರಿಂದ ಯೆಜ್ಡಿಗಳನ್ನೂ ಹೊರತಂದು, 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ಮರಳಿತಾದರೂ ಅದು ಫೋರ್ ಸ್ಟ್ರೋಕ್ ಎಂಜಿನಿನ ಬೇರೆಯೇ ಬೈಕು. ಅದರ ಬಿಡಿಭಾಗ ಹಳೆಯ ಟೂ ಸ್ಟ್ರೋಕ್ ಎಂಜಿನಿಗೆ ಹೊಂದುವುದಿಲ್ಲ. ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ, ಕೆ.ಆರ್. ನಗರ ಅಥವಾ ಎಚ್.ಡಿ. ಕೋಟೆಯ ಯಾವುದಾದರೂ ಹಿತ್ತಲ ಶೆಡ್ಡಿನಲ್ಲೋ ಅಪ್ಪನ ಕಾಲದ ಜಾವಾವನ್ನು ಬಿಚ್ಚಿ ಹರಡಿಕೊಂಡವನ ಮುಂದೆ ಎರಡೇ ದಾರಿ: ಗುಜರಿಯಲ್ಲಿ ಹುಡುಕುವುದು, ಇಲ್ಲವೇ ಲೇತಿನವನ ಬಳಿ ಕುಳಿತು ಮಾಡಿಸುವುದು. ಮನ್ರೋ ಮೂರನೆಯ ದಾರಿಯನ್ನು ಹಿಡಿದಿದ್ದ. ಕಂಪನಿ ಮುಚ್ಚುವ ಹೊತ್ತಿಗೆ ಆತನಿಗೆ ಕಂಪನಿಯ ಹಂಗೇ ಉಳಿದಿರಲಿಲ್ಲ. ಬೈಕಿನೊಳಗೆ ಸ್ಪ್ರಿಂಗ್‌ಫೀಲ್ಡಿನದಕ್ಕಿಂತ ಇನ್ವರ್ಕಾರ್ಗಿಲ್‌ನದೇ ಹೆಚ್ಚಾಗಿತ್ತು.

ಇದಕ್ಕೆ ತೆತ್ತ ಬೆಲೆಯೂ ಇದೆ. 1927ರಲ್ಲಿ ಬೆರಿಲ್ ಎಂಬಾಕೆಯನ್ನು ಮದುವೆಯಾದ ಮನ್ರೋನಿಗೆ ನಾಲ್ವರು ಮಕ್ಕಳಾದರು. 1940ರ ದಶಕದಲ್ಲಿ ದಾಂಪತ್ಯ ಮುರಿದುಬಿತ್ತು. ಆ ದಶಕದ ಕೊನೆಗೆ ಕೆಲಸವನ್ನೂ ಬಿಟ್ಟು ಗ್ಯಾರೇಜಿನಲ್ಲಿಯೇ ವಾಸಕ್ಕೆ ನಿಂತ. ಸಂಸಾರ ಒಡೆಯಲು ಬೈಕೊಂದೇ ಕಾರಣವೆಂದು ತೀರ್ಪು ಕೊಡುವುದು ಸಲ್ಲದು. ಆದರೂ ಇರುಳೆಲ್ಲ ಗ್ಯಾರೇಜಿನಲ್ಲಿ ಕಳೆಯುವವನೊಡನೆ ನಾಲ್ವರು ಮಕ್ಕಳ ಸಂಸಾರ ತೂಗಿಸಿದ ಹೆಣ್ಣಿನ ಪಾಲು ಇಂಥ ಸಾಹಸಗಾಥೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಚಲನಚಿತ್ರದಲ್ಲಿ ಕಾಣುವವನು ಒಂಟಿಯಾದ, ಎಲ್ಲರಿಗೂ ಬೇಕಾದ ಅಜ್ಜ ಮಾತ್ರ.

ದಾಖಲೆಗಳು ಸ್ವದೇಶದಲ್ಲೇ ಶುರುವಾಗಿದ್ದವು. 1940ರಲ್ಲಿ ನ್ಯೂಜಿಲೆಂಡಿನ ಮುಕ್ತ ರಸ್ತೆಯ ದಾಖಲೆ. 1957ರಲ್ಲಿ ಊರಿನ ಬಳಿಯ ಒರೆಟಿ ಕಡಲತೀರದಲ್ಲಿ ಗಂಟೆಗೆ 211 ಕಿಲೋಮೀಟರು. ಅದಕ್ಕಿಂತ ಮುಂದೆ ಹೋಗಲು ಮರಳು ಸಾಕಾಗುವಂತಿರಲಿಲ್ಲ. ಅಮೆರಿಕದ ಯೂಟಾ ರಾಜ್ಯದ ಬೊನ್ನೆವಿಲ್ ಉಪ್ಪಿನ ಬಯಲು ವೇಗದ ಹುಚ್ಚಿನವರ ಕಾಶಿ. ಪುರಾತನ ಸರೋವರ ಬತ್ತಿ ಉಳಿದ, ಕಣ್ಣು ಹಾಯುವಷ್ಟು ದೂರ ಚಪ್ಪಟೆಯಾದ ಬಿಳಿ ನೆಲ ಅದು.

1962ರಲ್ಲಿ, 63ರ ವಯಸ್ಸಿನಲ್ಲಿ, ಮನ್ರೋ ತನ್ನ ಬೈಕನ್ನು ಅಲ್ಲಿಗೆ ಒಯ್ದ. ಹೃದಯದ ನೋವು ಆಗಲೇ ಕೆಲವು ವರ್ಷಗಳಿಂದ ಕಾಡುತ್ತಿತ್ತು. ಎಂಜಿನನ್ನು 850 ಸಿಸಿಗೆ ಹಿಗ್ಗಿಸಿದ್ದ; ಗಾಳಿಯನ್ನು ಸೀಳಲು ಮೀನಿನಾಕಾರದ ಹೊದಿಕೆ ತೊಡಿಸಿದ್ದ. ಅದರೊಳಗೆ ಸವಾರ ಬೋರಲು ಮಲಗಿದಂತೆ ಬಾಗಬೇಕು. ಆ ವರ್ಷ ಗಂಟೆಗೆ 288 ಕಿಲೋಮೀಟರು ವೇಗದಲ್ಲಿ ಓಡಿ 883 ಸಿಸಿ ವರ್ಗದ ದಾಖಲೆ ತನ್ನದಾಗಿಸಿಕೊಂಡ. ದೊಡ್ಡ ಕಂಪನಿಗಳ ತಂಡಗಳು ಟ್ರಕ್ಕುಗಟ್ಟಲೆ ಸಾಮಾನು ತರುವ ಜಾಗದಲ್ಲಿ ಈತನ ಬಂಡವಾಳ 42 ವರ್ಷ ಹಳೆಯ ಬೈಕು ಮತ್ತು ಸ್ವಂತ ಅರ.

ಚಿತ್ರದಲ್ಲಿ ಎಲ್ಲವೂ ಒಂದೇ ಯಾತ್ರೆಯಲ್ಲಿ ನಡೆದಂತಿದೆ. ನಿಜದಲ್ಲಿ ಆತ ಬೊನ್ನೆವಿಲ್‌ಗೆ ಹತ್ತು ಬಾರಿ ಹೋದ. ಪ್ರತಿಸಲ ಊರಿಗೆ ಮರಳಿದ ಮೇಲೆ ಎಂಜಿನ್ ಮತ್ತೆ ಗ್ಯಾರೇಜಿನ ನೆಲದ ಮೇಲೆ. ದಾಖಲೆ ಬರೆದಿದೆ, ಇನ್ನು ಸಾಕು ಎಂದು ಬೈಕನ್ನು ಮೂಲೆಯಲ್ಲಿ ನಿಲ್ಲಿಸಲು ಆತನಿಂದ ಆಗಲಿಲ್ಲ. ಕೆಲಸ ಮುಗಿಯಿತು ಎನ್ನುವ ದಿನ ಬರಲೇ ಇಲ್ಲ. ಬರಬೇಕೆಂಬ ಆತುರವೂ ಇದ್ದಂತೆ ತೋರುವುದಿಲ್ಲ.

1966ರಲ್ಲಿ ವೇಗ 270 ಕಿಲೋಮೀಟರಿಗೆ ನಿಂತಿತು. ಮರುವರ್ಷ ಎಂಜಿನ್ 950 ಸಿಸಿ ಆಗಿತ್ತು. 1967ರ ಆಗಸ್ಟ್‌ನಲ್ಲಿ, 68ರ ಮುದುಕ 47 ವರ್ಷದ ಬೈಕನ್ನೇರಿ 1000 ಸಿಸಿಗಿಂತ ಕೆಳಗಿನ ವರ್ಗದಲ್ಲಿ ಗಂಟೆಗೆ 295.45 ಕಿಲೋಮೀಟರಿನ ದಾಖಲೆ ಸ್ಥಾಪಿಸಿದ. ಅರ್ಹತೆಗಾಗಿ ಒಂದೇ ದಿಕ್ಕಿನಲ್ಲಿ ಓಡಿಸಿದಾಗ ವೇಗ 305 ಕಿಲೋಮೀಟರನ್ನೂ ದಾಟಿತ್ತು. ಅದೇ ವರ್ಷದ ಒಂದು ಓಟದಲ್ಲಿ, ಅರ್ಧ ದಾರಿ ದಾಟಿದ ಮೇಲೆ, ಬೈಕು ಹಾವಿನಂತೆ ಹೊಯ್ದಾಡತೊಡಗಿತು. ವೇಗ ತಗ್ಗಿಸಲೆಂದು ಮನ್ರೋ ಹೊದಿಕೆಯಿಂದ ಮೈಯೆತ್ತಿ ಕುಳಿತ. ಗಾಳಿಯ ಹೊಡೆತಕ್ಕೆ ಕನ್ನಡಕ ಕಿತ್ತುಹೋಯಿತು, ಕಣ್ಣು ಕತ್ತಲಿಟ್ಟಿತು. ಗುರುತಿಗೆ ನೆಟ್ಟ ಉಕ್ಕಿನ ಗೂಟವೊಂದು ಕೂದಲೆಳೆಯ ಅಂತರದಲ್ಲಿ ತಪ್ಪಿತು. ಬೈಕನ್ನು ಉಪ್ಪಿನ ಮೇಲೆ ಮಲಗಿಸಿ ಎದ್ದುಬಂದವನಿಗೆ ಆದದ್ದು ತರಚುಗಾಯಗಳಷ್ಟೆ.

ನಿರ್ದೇಶಕ ರೋಜರ್ ಡೊನಾಲ್ಡ್‌ಸನ್ ಆತನ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದು ಈ ದಿನಗಳ ಹಿಂದೆಯೇ, 1970ರ ದಶಕದ ಆರಂಭದಲ್ಲಿ. 2005ರ ಚಿತ್ರವೂ ಅದೇ ಡೊನಾಲ್ಡ್‌ಸನ್‌ದು. ಮೊದಲ ಭೇಟಿಯ ಬೆರಗು ಮೂರು ದಶಕ ಕಳೆದರೂ ಅವರನ್ನು ಬಿಟ್ಟಿರಲಿಲ್ಲ.

ಸ್ಕೌಟ್ ಜೊತೆಗೆ 1936ರ ಒಂದು ವೆಲೊಸೆಟ್ ಬೈಕನ್ನೂ ಮನ್ರೋ ಇದೇ ಬಗೆಯಲ್ಲಿ ತಿದ್ದುತ್ತಿದ್ದ. 1977ರಲ್ಲಿ ಲಕ್ವ ಹೊಡೆದು ಆಸ್ಪತ್ರೆ ಸೇರಿ ಹಿಂದಿರುಗಿದಾಗ ಕೈ ಮೊದಲಿನಂತೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಕೂದಲಿನಷ್ಟು ಸೂಕ್ಷ್ಮದ ಅಳತೆಯನ್ನು ಅರದ ತುದಿಯಲ್ಲಿ ಹಿಡಿಯುತ್ತಿದ್ದವನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೊಂದಿರಲಾರದು. ಎರಡೂ ಬೈಕುಗಳು ಸೌತ್‌ಲೆಂಡ್ ಬಿಟ್ಟು ಹೋಗಬಾರದೆಂಬ ಆಸೆಯಿಂದ ಊರಿನ ವ್ಯಾಪಾರಿಗೇ ಮಾರಿಬಿಟ್ಟ. 1978ರ ಜನವರಿ 6ರಂದು, 78ರ ವಯಸ್ಸಿನಲ್ಲಿ ತೀರಿಕೊಂಡ. ಇನ್ವರ್ಕಾರ್ಗಿಲ್‌ನ ಇ. ಹೇಯ್ಸ್ ಅಂಡ್ ಸನ್ಸ್ ಎಂಬ ಕಬ್ಬಿಣ ಸಾಮಾನಿನ ಅಂಗಡಿಯಲ್ಲಿ, ಮೊಳೆ ತಿರುಪುಗಳ ನಡುವೆ, ಆತನ ಬೈಕನ್ನು ಜನರು ನೋಡಲೆಂದು ಇಡಲಾಗಿದೆ.

ಆದರೆ ಕೆಲಸ ಅಲ್ಲಿಗೂ ಪೂರ್ತಿಯಾಗಲಿಲ್ಲ. ದಾಖಲೆಗೆ ಎರಡು ದಿಕ್ಕಿನ ಓಟಗಳ ಸರಾಸರಿ ತೆಗೆಯುವುದು ರೂಢಿ. 1967ರ ಲೆಕ್ಕದಲ್ಲಿ ಅಂದಿನವರು ಕೂಡುವಲ್ಲಿ ತಪ್ಪಿದ್ದರೆಂಬುದನ್ನು ಮಗ ಜಾನ್ ಮನ್ರೋ ಪತ್ತೆಹಚ್ಚಿದರು. ಅಮೆರಿಕನ್ ಮೋಟಾರ್‌ಸೈಕಲಿಸ್ಟ್ ಅಸೋಸಿಯೇಶನ್ ಅದನ್ನು ಒಪ್ಪಿ, ದಾಖಲೆಯನ್ನು ಗಂಟೆಗೆ 296.26 ಕಿಲೋಮೀಟರು ಎಂದು ತಿದ್ದಿ ಬರೆಯಿತು. ಅದು ನಡೆದದ್ದು 2014ರಲ್ಲಿ, ಮನ್ರೋ ಸತ್ತ 36 ವರ್ಷಗಳ ಮೇಲೆ.