ರಾಕೇಶ್ ಶರ್ಮಾ ಜೊತೆ ಹೋದ ಸ್ಟ್ರೆಕಾಲೋವ್ ಯಾರು? ಸ್ಫೋಟದಿಂದ ಪಾರಾದ ಆರೇ ತಿಂಗಳಿಗೆ ಮತ್ತೆ ರಾಕೆಟ್ ಹತ್ತಿದವರ ಕಥೆ

ಪ್ರತಿ ವರ್ಷ ಏಪ್ರಿಲ್ 3 ಬಂತೆಂದರೆ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ರಾಕೇಶ್ ಶರ್ಮಾ ಅವರ ಫೋಟೋ ಓಡಾಡುತ್ತದೆ. 1984ರ ಆ ದಿನ ಅವರು ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯರಾದರು. ಈ ಮಾಹಿತಿ ಸರಿ. ಆದರೆ ಅವರು ಹೋಗಿದ್ದು ಭಾರತದ ರಾಕೆಟ್‌ನಲ್ಲಿ ಅಲ್ಲ, ಒಬ್ಬರೇ ಹೋಗಿದ್ದೂ ಅಲ್ಲ. ಸೋವಿಯತ್ ಒಕ್ಕೂಟದ ಸೋಯುಜ್ ಟಿ-11 ನೌಕೆಯಲ್ಲಿ ಮೂವರಿದ್ದರು: ಕಮಾಂಡರ್ ಯೂರಿ ಮಾಲಿಶೆವ್, ಫ್ಲೈಟ್ ಎಂಜಿನಿಯರ್ ಗೆನ್ನಾಡಿ ಸ್ಟ್ರೆಕಾಲೋವ್ ಮತ್ತು ನಮ್ಮ ಶರ್ಮಾ.

ಅವರು ಹೊರಟಿದ್ದು ಭೂಮಿಯನ್ನು ಸುತ್ತುತ್ತಿದ್ದ ಸಲ್ಯೂಟ್-7 ನಿಲ್ದಾಣಕ್ಕೆ. ಸ್ಟ್ರೆಕಾಲೋವ್ ಪಾಲಿಗೆ ಅದು ಮೂರನೇ ಪ್ರಯತ್ನ. ಮೊದಲ ಸಲ ನಿಲ್ದಾಣದ ಹತ್ತಿರಕ್ಕೆ ಹೋಗಿಯೂ ಬರಿಗೈಲಿ ವಾಪಸಾಗಿದ್ದರು. ಎರಡನೇ ಸಲ ರಾಕೆಟ್ಟೇ ಸ್ಫೋಟಿಸಿತ್ತು.

ಅಪ್ರೆಂಟಿಸ್ ಆಗಿ ಶುರು

ಸ್ಟ್ರೆಕಾಲೋವ್ ಹುಟ್ಟಿದ್ದು 1940ರ ಅಕ್ಟೋಬರ್‌ನಲ್ಲಿ, ಮಾಸ್ಕೋ ಹತ್ತಿರದ ಮಿತಿಶ್ಚಿ ಪಟ್ಟಣದಲ್ಲಿ. ತಂದೆ ಎರಡನೇ ಮಹಾಯುದ್ಧದಲ್ಲಿ ತೀರಿಕೊಂಡರು. ಶಾಲೆ ಮುಗಿಸಿದ ಹುಡುಗ ರಾಕೆಟ್ ತಯಾರಿಸುವ ಸಂಸ್ಥೆಯಲ್ಲಿ ತಾಮ್ರದ ಕೆಲಸ ಕಲಿಯುವ ಅಪ್ರೆಂಟಿಸ್ ಆಗಿ ಸೇರಿಕೊಂಡ. ಕಾರ್ಖಾನೆಯನ್ನೇ ನಂಬಿ ಬೆಳೆದ ಭದ್ರಾವತಿಯಂಥ ಊರಿನವರಿಗೆ ಈ ದಾರಿ ಹೊಸದೇನಲ್ಲ. ಜಗತ್ತಿನ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ತಯಾರಿಯಲ್ಲಿ ಅವರ ಕೈಕೆಲಸವೂ ಇತ್ತು. ಆಮೇಲೆ ಮಾಸ್ಕೋದ ಬೌಮನ್ ಸಂಸ್ಥೆಯಲ್ಲಿ ಓದಿ 1965ರಲ್ಲಿ ಎಂಜಿನಿಯರ್ ಆದರು. 1970ರ ದಶಕದಲ್ಲಿ ಗಗನಯಾತ್ರಿಗಳ ತಂಡಕ್ಕೆ ಆಯ್ಕೆಯಾದರು. 1980ರ ನವೆಂಬರ್‌ನಲ್ಲಿ ಸಲ್ಯೂಟ್-6 ನಿಲ್ದಾಣದ ರಿಪೇರಿಗೆ ಹೋಗಿದ್ದು ಅವರ ಮೊದಲ ಯಾನ.

ಹತ್ತಿರ ಹೋಗಿಯೂ ವಾಪಸ್

1983ರ ಏಪ್ರಿಲ್ 20ರಂದು ಸೋಯುಜ್ ಟಿ-8ರಲ್ಲಿ ವ್ಲಾದಿಮಿರ್ ಟಿಟೋವ್ ಮತ್ತು ಅಲೆಕ್ಸಾಂಡರ್ ಸೆರೆಬ್ರೋವ್ ಜೊತೆ ಸಲ್ಯೂಟ್-7ಕ್ಕೆ ಹೊರಟರು. ಮೇಲೇರುವಾಗಲೇ ನೌಕೆಯ ರೇಡಾರ್ ಆಂಟೆನಾ ಕಿತ್ತುಹೋಯಿತು. ನಿಲ್ದಾಣ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಹತ್ತಿರವಾಗುತ್ತಿದೆ ಎಂದು ತಿಳಿಸುವ ಸಾಧನವೇ ಇಲ್ಲದಂತಾಯಿತು.

ಅದು ಎಷ್ಟು ಕಷ್ಟ? ಕಕ್ಷೆಯಲ್ಲಿ ನೌಕೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ಓಡುತ್ತದೆ. ಆ ವೇಗದಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಹೋಗಲು ಮೂರು ಸೆಕೆಂಡ್ ಸಾಕು. ನಿಲ್ದಾಣವೂ ಅಷ್ಟೇ ವೇಗದಲ್ಲಿ ಓಡುತ್ತಿರುತ್ತದೆ. ಎರಡರ ವೇಗ ಹೆಚ್ಚುಕಡಿಮೆ ಒಂದೇ ಆದಾಗ ಮಾತ್ರ ಮೆತ್ತಗೆ ಜೋಡಿಸಲು ಸಾಧ್ಯ. ಟಿಟೋವ್ ಕಣ್ಣಂದಾಜಿನಲ್ಲೇ ಪ್ರಯತ್ನಿಸಿದರು. ಕತ್ತಲಲ್ಲಿ ಡಿಕ್ಕಿಯಾಗುವ ಅಪಾಯ ಕಂಡು ಕೈಬಿಟ್ಟರು. ಮೂವರೂ ಎರಡು ದಿನಕ್ಕೆ ಭೂಮಿಗೆ ಮರಳಿದರು.

ಪವಾಡವೇ? ಅಲ್ಲ

1983ರ ಸೆಪ್ಟೆಂಬರ್ 26ರ ರಾತ್ರಿ, ಬೈಕನೂರು ಉಡಾವಣಾ ಕೇಂದ್ರ. ಟಿಟೋವ್ ಮತ್ತು ಸ್ಟ್ರೆಕಾಲೋವ್ ಮತ್ತೆ ಅದೇ ನಿಲ್ದಾಣಕ್ಕೆ ಹೊರಡಲು ರಾಕೆಟ್ ತುದಿಯಲ್ಲಿ ಕುಳಿತಿದ್ದರು. ಉಡಾವಣೆಗೆ ಸುಮಾರು 90 ಸೆಕೆಂಡ್ ಇರುವಾಗ ಇಂಧನ ಸೋರಿ ರಾಕೆಟ್ ಬುಡಕ್ಕೆ ಬೆಂಕಿ ಹತ್ತಿತು. ನಿಯಂತ್ರಣ ಕೇಂದ್ರದಿಂದ ಬರುವ ತಂತಿಗಳು ಸುಟ್ಟುಹೋದವು.

ಇಂಥ ಘಟನೆಗಳನ್ನು ಪವಾಡ ಎಂದು ಬರೆದು ಫಾರ್ವರ್ಡ್ ಮಾಡುವವರಿದ್ದಾರೆ. ಆದರೆ ಇಲ್ಲಿ ಜೀವ ಉಳಿಸಿದ್ದು ಒಂದು ಯಂತ್ರ. ಸೋಯುಜ್ ರಾಕೆಟ್ ತುದಿಯಲ್ಲಿ ಪುಟ್ಟ ಗೋಪುರದಂಥ ಇನ್ನೊಂದು ರಾಕೆಟ್ ಇರುತ್ತದೆ. ಅಪಾಯ ಎದುರಾದರೆ ಅದು ಉರಿದು, ಯಾತ್ರಿಗಳು ಕುಳಿತ ಭಾಗವನ್ನು ಮಾತ್ರ ಎಳೆದುಕೊಂಡು ದೂರ ಹಾರುತ್ತದೆ. ಆ ರಾತ್ರಿ ಅದನ್ನು ಚಾಲೂ ಮಾಡಲು ಒಳಗಿದ್ದವರಿಂದ ಸಾಧ್ಯವಿರಲಿಲ್ಲ. ನೆಲದ ಮೇಲಿದ್ದ ಇಬ್ಬರು ರೇಡಿಯೋ ಮೂಲಕ ಆದೇಶ ಕಳಿಸಬೇಕಿತ್ತು, ಕಳಿಸಿದರು. ಸುಮಾರು ಐದು ಸೆಕೆಂಡ್ ಕಾಲ ಯಾತ್ರಿಗಳ ಮೇಲೆ ದೇಹತೂಕದ 14ರಿಂದ 17 ಪಟ್ಟು ಒತ್ತಡ ಬಿತ್ತು. 60 ಕೆ.ಜಿ. ತೂಕದವರಿಗೆ 900 ಕೆ.ಜಿ. ಆದಂತೆ! ಪ್ಯಾರಾಚೂಟ್ ಬಿಚ್ಚಿಕೊಂಡಿತು. ನೌಕೆ ಸುಮಾರು 4 ಕಿ.ಮೀ. ಆಚೆ ಇಳಿಯಿತು. ಅವರು ಹಾರಿದ ಕೆಲವೇ ಕ್ಷಣಗಳಲ್ಲಿ ರಾಕೆಟ್ ಸ್ಫೋಟಿಸಿತ್ತು. ಇಬ್ಬರಿಗೂ ಗಂಭೀರ ಗಾಯವಾಗಲಿಲ್ಲ.

ಮೂರನೇ ಸಲ, ಶರ್ಮಾ ಜೊತೆ

ಭಾರತ-ಸೋವಿಯತ್ ಜಂಟಿ ಯಾನಕ್ಕೆ ಮೊದಲು ಗೊತ್ತಾಗಿದ್ದ ಎಂಜಿನಿಯರ್ ನಿಕೊಲಾಯ್ ರುಕಾವಿಶ್ನಿಕೋವ್. ಅವರ ಆರೋಗ್ಯ ಕೆಟ್ಟಾಗ ಆ ಜಾಗಕ್ಕೆ ಬಂದವರು ಸ್ಟ್ರೆಕಾಲೋವ್. ಸ್ಫೋಟವಾಗಿ ಆರು ತಿಂಗಳು, ಒಂದು ವಾರ ಕಳೆದಿತ್ತಷ್ಟೇ. ಅದೇ ಬೈಕನೂರು, ಅದೇ ಮಾದರಿಯ ರಾಕೆಟ್. ಈ ಸಲ ನೌಕೆ ಸರಿಯಾಗಿ ನಿಲ್ದಾಣಕ್ಕೆ ಸೇರಿಕೊಂಡಿತು. ಅಲ್ಲಿ ಮೊದಲೇ ಇದ್ದ ಮೂವರೂ ಸೇರಿ ಒಟ್ಟು ಆರು ಮಂದಿ. ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ತಯಾರಿಸಿದ ತಿನಿಸುಗಳೂ ಮೇಲಕ್ಕೆ ಹೋಗಿದ್ದವು. ಏಪ್ರಿಲ್ 11ರಂದು ಮೂವರೂ ಸುರಕ್ಷಿತವಾಗಿ ಮರಳಿದರು.

ಭಾರತ ಮೂವರಿಗೂ ಅಶೋಕ ಚಕ್ರ ನೀಡಿತು. ಶಾಂತಿಕಾಲದ ಈ ಅತ್ಯುನ್ನತ ಶೌರ್ಯ ಪ್ರಶಸ್ತಿ ಪಡೆದ ವಿದೇಶಿಯರು ಮಾಲಿಶೆವ್ ಮತ್ತು ಸ್ಟ್ರೆಕಾಲೋವ್ ಇಬ್ಬರೇ.

ಬೇಡ ಎನ್ನುವ ಧೈರ್ಯವೂ ಇತ್ತು

1990ರಲ್ಲಿ ಮತ್ತು 1995ರಲ್ಲಿ ಅವರು ಮಿರ್ ನಿಲ್ದಾಣಕ್ಕೆ ಹೋದರು. 1995ರ ಯಾನದಲ್ಲಿ ಜೊತೆಗಿದ್ದವರಲ್ಲಿ ನಾರ್ಮನ್ ಥಗಾರ್ಡ್ ಒಬ್ಬರು. ರಷ್ಯಾದ ರಾಕೆಟ್‌ನಲ್ಲಿ ಹೋದ ಮೊದಲ ಅಮೆರಿಕನ್ ಅವರು. ಅಲ್ಲಿ ಐದು ಬಾಹ್ಯಾಕಾಶ ನಡಿಗೆ ಮುಗಿದ ಮೇಲೆ, ಸಿಕ್ಕಿಕೊಂಡಿದ್ದ ಸೌರಫಲಕ ಬಿಡಿಸಲು ಆರನೆಯದಕ್ಕೆ ಸೂಚನೆ ಬಂತು. ಇದು ಸುರಕ್ಷಿತವಲ್ಲ ಎಂದು ಸ್ಟ್ರೆಕಾಲೋವ್ ಒಪ್ಪಲಿಲ್ಲ. ಅದಕ್ಕೆ ದಂಡ ಬಿತ್ತು. ಅವರು ಅದನ್ನು ಕಾನೂನಿನ ಮೂಲಕ ಪ್ರಶ್ನಿಸಿ ಗೆದ್ದರು.

ಐದು ಯಾನಗಳಲ್ಲಿ 268 ದಿನಕ್ಕೂ ಹೆಚ್ಚು ಕಾಲ ಬಾಹ್ಯಾಕಾಶದಲ್ಲಿದ್ದ ಸ್ಟ್ರೆಕಾಲೋವ್, 2004ರ ಡಿಸೆಂಬರ್ 25ರಂದು ಕ್ಯಾನ್ಸರ್‌ನಿಂದ ನಿಧನರಾದರು. ಸ್ಫೋಟದ ಆ ರಾತ್ರಿ ಈ ಲೆಕ್ಕದಲ್ಲಿಲ್ಲ. ನೌಕೆ ಬಾಹ್ಯಾಕಾಶ ಮುಟ್ಟಲೇ ಇಲ್ಲವಲ್ಲ.

ಅವರನ್ನು ಉಳಿಸಿದಂಥ ವ್ಯವಸ್ಥೆಯೇ ಈಗ ನಮ್ಮ ಗಗನಯಾನಕ್ಕೂ ಇದೆ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಇಸ್ರೋ ಅದರ ಪರೀಕ್ಷೆ ನಡೆಸಿತು. ರಾಕೆಟ್ ಮೇಲೇರುವುದನ್ನು ನೋಡಲು ಬಂದವರಿಗೆ ಅಂದು ಕಂಡಿದ್ದು, ಯಾತ್ರಿಗಳ ಕೋಣೆ ರಾಕೆಟ್‌ನಿಂದ ಬೇರ್ಪಟ್ಟು ಸಮುದ್ರಕ್ಕೆ ಇಳಿದಿದ್ದು. ಅದು ವೈಫಲ್ಯವಲ್ಲ, ಪರೀಕ್ಷೆಯ ಉದ್ದೇಶವೇ ಅದು.

ಮುಂದಿನ ಏಪ್ರಿಲ್ 3ಕ್ಕೆ ಶರ್ಮಾ ಅವರ ಫೋಟೋ ಬಂದರೆ ಖಂಡಿತ ಶೇರ್ ಮಾಡಿ. ಜೊತೆಗೆ ಮಾಲಿಶೆವ್, ಸ್ಟ್ರೆಕಾಲೋವ್ ಹೆಸರನ್ನೂ ಸೇರಿಸಿ.